ಅರ್ಧ ಇಂಚು ಬಿಟ್ಟ ಕಾರು

ಮನೆಯಿಂದ, ಹೊಲಿಗೆ ಯಂತ್ರದ ಮೇಜಿನ ಮೇಲಿಟ್ಟು ಬರೆದದ್ದು
ಮಾರ್ಚ್ 14, ಭಾನುವಾರ

ಪ್ರೀತಿಯ ಯಜಮಾನರಿಗೆ, ಟೈಲರಮ್ಮನ ನಮಸ್ಕಾರ.

ಸೊಂಟ ನೋವು ಹೇಗಿದೆ? ಡೆಕ್ಕಿನ ಬಿಸಿಲಲ್ಲಿ ಟೋಪಿ ಹಾಕಿಕೊಳ್ಳುತ್ತೀರಾ, ಇಲ್ಲ ಹಾಗೇ ತಲೆ ಸುಟ್ಟುಕೊಳ್ಳುತ್ತೀರಾ? ಹಡಗಿನ ಅಡುಗೆಯವನು ಬೇಡವೆಂದರೂ ಬಡಿಸುತ್ತಾನೆ ಎಂದು ಬರೆದಿದ್ದಿರಿ; ಹೊಟ್ಟೆ ಎಷ್ಟು ಮುಂದೆ ಬಂದಿದೆಯೋ ದೇವರೇ ಬಲ್ಲ. ನಾನು ಚೆನ್ನಾಗಿದ್ದೇನೆ. ಉಗುರು ತುಂಬ ಗ್ರೀಸ್ ಇದೆ, ಅಷ್ಟೆ. ಯಾಕೆ ಅಂದಿರಾ? ತಾಳಿ, ಹೇಳುತ್ತೇನೆ.

ಡಬ್ಬಗಳಲ್ಲಿ ಬಿಡಿಬಿಡಿಯಾಗಿ ಬಂದ ಆ ಕಾರನ್ನು ಜೋಡಿಸಲು ಮೂರು ವರ್ಷ, ರಜೆಗೆ ಬಂದಾಗಲೆಲ್ಲ, ಬಾಡಿಗೆ ಶೆಡ್ಡಿನಲ್ಲಿ ಹೆಣಗಿದಿರಿ. ಈ ಸಲ ಹೊರಡುವಾಗ "ನನ್ನ ಕೈಲಾಗಲ್ಲ ಕಣೇ, ಗುಜರಿಯವನಿಗೆ ಕೊಟ್ಟುಬಿಡು" ಎಂದು, ನನ್ನ ಮುಖವನ್ನೂ ನೋಡದೆ ಬೀಗದ ಕೈ ಕೊಟ್ಟಿರಿ. ಗುಜರಿಯವನು ಬಂದಿದ್ದ, ರೀ. ಬಾಗಿಲಿಂದಲೇ ಸಾಗಹಾಕಿದೆ. ಆ ದಿನದ ನಿಮ್ಮ ಮುಖ ನೆನೆಸಿಕೊಂಡರೆ ಕೊಡಲು ಮನಸ್ಸು ಬರಲಿಲ್ಲ.

ಮೊದಲು ಕೈ ಹಾಕಿದ್ದು ನೆಲದ ತಗಡಿಗೆ. ನೀವು ಕತ್ತರಿಸಿದ್ದು ಚಿಕ್ಕದಾಗಿ, ಪಾದದ ಹತ್ತಿರ ಶೆಡ್ಡಿನ ಸಿಮೆಂಟು ಕಾಣುತ್ತಿತ್ತಲ್ಲ. ಹೊಸ ತಗಡು ತರಿಸಿ ನಾನೇ ಅಳೆದು ಕತ್ತರಿಸಿದೆ. ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿಯೇ ಸುತ್ತಲೂ ಹೊಲಿಗೆಗೆಂದು ಅರ್ಧ ಇಂಚು ಬಿಟ್ಟುಬಿಟ್ಟಿತ್ತು! ತಗಡು ಒಳಗೆ ಹೋಗಲೇ ಇಲ್ಲ. ಬೀದಿ ಕೊನೆಯ ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮ್ಮಾ, ಇದೇನು ಅಂಗಿನಾ, ಅಂಚು ಮಡಚಿ ಹೊಲಿಯೋಕೆ?" ನಗಲಿ ಬಿಡಿ. ಅರ ಹಿಡಿದು ಸ್ವಲ್ಪ ಸ್ವಲ್ಪವೇ ಉಜ್ಜುತ್ತಾ ಹೋದಾಗ ಗೊತ್ತಾಯಿತು, ಚೌಕಟ್ಟೇ ಎಡಗಡೆ ಸೊಟ್ಟ. ಕಾರಿನ ಡಬ್ಬದಲ್ಲಿ ಬಂದ ಪುಸ್ತಕದ ಅಳತೆಗೆ ಕತ್ತರಿಸಿದರೆ ಯಾರು ಕತ್ತರಿಸಿದರೂ ಅಲ್ಲಿ ಸಂದು ಬೀಳುತ್ತಿತ್ತು. ನಾನು ಬಿಟ್ಟ ಅರ್ಧ ಇಂಚೇ ಅದನ್ನು ಮುಚ್ಚಿತು. ತಪ್ಪು ನಿಮ್ಮದಲ್ಲ ರೀ, ಚೌಕಟ್ಟಿನದು. ಮೂರು ವರ್ಷ ಸುಮ್ಮನೆ ನಿಮ್ಮನ್ನು ನೀವೇ ಬೈದುಕೊಂಡಿರಿ.

ಆಮೇಲೆ ವೈರಿಂಗ್. ಬ್ರೇಕ್ ಒತ್ತಿದರೆ ಹಾರ್ನ್ ಹೊಡೆದುಕೊಂಡಿತು, ಪಕ್ಕದ ಮನೆಯಾಕೆ ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದಳು. ತಪ್ಪು ಹೊಲಿಗೆ ಬಿಚ್ಚುವ ಹಾಗೆ ಎಲ್ಲ ಬಿಚ್ಚಿ, ಒಂದೊಂದು ವೈರಿಗೂ ಒಂದೊಂದು ಬಣ್ಣದ ದಾರ ಕಟ್ಟಿ ಮತ್ತೆ ಕೂಡಿಸಿದೆ. ಒಂಬತ್ತು ದಿನ ಹಿಡಿಯಿತು. ಹೋದ ಶುಕ್ರವಾರ ಎಂಜಿನ್ ಗುರ್ ಎಂದಾಗ ನಾನು ಕುಣಿದೆ ಎಂದರೆ ನಂಬುತ್ತೀರಾ? ಮೆಕ್ಯಾನಿಕ್ಕೇ ಸಾಕ್ಷಿ. ಅಂದಹಾಗೆ, ಈಗ ಅವನೂ ತಗಡು ಕತ್ತರಿಸುವಾಗ ಅರ್ಧ ಇಂಚು ಬಿಡುತ್ತಾನೆ. ಕೇಳಿದರೆ ಮಾತು ಮರೆಸುತ್ತಾನೆ.

ನಾಳೆ ತಪಾಸಣೆ. ತಿಂಗಳ ಕೊನೆಗೆ ಶೆಡ್ಡು ಖಾಲಿ ಮಾಡಬೇಕು. ರಸ್ತೆಗೆ ಇಳಿಸಲು ಪರವಾನಗಿ ಸಿಗದಿದ್ದರೆ ಇದನ್ನು ಇಡಲು ಜಾಗವಿಲ್ಲ, ಆ ಗುಜರಿಯವನನ್ನೇ ಕರೆಯಬೇಕು. ಏನೇ ಆಗಲಿ, ಒಂದು ಮಾತು ಹೇಳಿಬಿಡುತ್ತೇನೆ: ನನ್ನ ಬಗ್ಗೆ ನನಗೇ ಹೆಮ್ಮೆಯಾಗಿದೆ, ರೀ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಆ ಸೊಂಟ ಇಟ್ಟುಕೊಂಡು ಭಾರ ಎತ್ತಬೇಡಿ.

ನಿಮ್ಮ
ಟೈಲರಮ್ಮ

ತಾ.ಕ.: ಸೋಮವಾರ ಮಧ್ಯಾಹ್ನ, ಅಂಚೆ ಡಬ್ಬಿಯ ಪಕ್ಕದಲ್ಲಿ ನಿಂತು ಬರೆಯುತ್ತಿದ್ದೇನೆ. ಪಾಸ್, ರೀ! ತಪಾಸಣೆಯವರು ಬ್ರೇಕ್ ಒತ್ತಿದರು, ಹಾರ್ನ್ ಬಾಯಿ ಮುಚ್ಚಿಕೊಂಡಿತ್ತು. ನೀವು ಇಳಿಯುವ ದಿನ ಬಂದರಿಗೆ ನಾನೇ ಕಾರು ತರುತ್ತೇನೆ. ಕೋಪ ಮಾಡಿಕೊಳ್ಳಬೇಡಿ, ಸ್ಟಿಯರಿಂಗ್ ಕಡೆಯ ಸೀಟನ್ನು ನನ್ನ ಕಾಲಳತೆಗೆ ಮುಂದೆ ತಂದು, ನೆಲದ ತಗಡಿಗೆ ತೂತು ಕೊರೆದು ಭದ್ರ ಮಾಡಿಬಿಟ್ಟಿದ್ದೇನೆ. ನಿಮ್ಮ ಮೊಣಕಾಲು ಅಲ್ಲಿ ಹಿಡಿಸುವುದಿಲ್ಲ. ಪಕ್ಕದ ಸೀಟು ನಿಮ್ಮದು. ಅದರ ಬೆಲ್ಟನ್ನು ನನ್ನ ಹೊಲಿಗೆಯ ಅಳತೆ ಪುಸ್ತಕದಲ್ಲಿ ನಿಮ್ಮ ಮದುವೆ ಕೋಟಿನ ಪುಟ ತೆಗೆದು ನೋಡಿ ಕೂಡಿಸಿದ್ದೇನೆ. ಹೊಟ್ಟೆಗೆಂದು ಅರ್ಧ ಇಂಚು ಬಿಟ್ಟಿದ್ದೇನೆ. ಅದಕ್ಕಿಂತ ಹೆಚ್ಚು ಬೆಳೆಸಿಕೊಂಡು ಬರಬೇಡಿ.