ಫಕ್ಕಾಸಿಗೆ ಹತ್ತಿದ ಮೀನಿನ ವಾಸನೆ

ಸಲಾ ಪಟ್ಟಣ, ಗುರುವಾರ

ಬೀದಿಯವರೆಲ್ಲ ಬೇಯಿಸಲು ಕಳಿಸುವ ಒಲೆಯ ಯಜಮಾನರಾದ ಬುಅಜ್ಜಾ ಅಣ್ಣನವರಿಗೆ ರುಕಿಯಾಳ ಸಲಾಂ.

ಈ ಪಟ್ಟಣದ ಇತಿಹಾಸದಲ್ಲೇ ಮೊದಲ ಬಾರಿಗೆ ಬಾದಾಮಿ ಫಕ್ಕಾಸ್ ಬಿಸ್ಕತ್ತು ಸಮುದ್ರದಲ್ಲಿ ಈಜಿ ಬಂದಿದೆಯೆಂದು ಈ ಮೂಲಕ ಘೋಷಿಸುತ್ತೇನೆ.

ಎರಡು ಸಲ ಬೇಯಬೇಕಾದ ತಿಂಡಿಯನ್ನು ಮೊದಲ ಸಲಕ್ಕೆ ನಿನ್ನೆ ನಿಮ್ಮ ಒಲೆಗೆ ಕಳಿಸಿದ್ದೆ. ಆರಿದ ಉದ್ದುದ್ದ ಉರುಳೆಗಳನ್ನು ಇಂದು ಬೆಳಿಗ್ಗೆ ಬಿಲ್ಲೆಗಳಾಗಿ ಕೊಯ್ಯಲು ಕುಳಿತೆ. ಸೋಂಪು, ಕಿತ್ತಳೆ ಹೂವಿನ ನೀರು ಘಮಘಮಿಸಬೇಕಿದ್ದಲ್ಲಿ ಬೂತಾಯಿ ಮೀನು ನಾರಿತು. ಅತ್ತೆ ಮೂಗು ಮುಚ್ಚಿಕೊಂಡು, "ಇದನ್ನ ಚಹಾ ಜೊತೆ ಕೊಡ್ತೀಯೋ, ನಿಂಬೆಹಣ್ಣು ಹಿಂಡಿ ಕೊಡ್ತೀಯೋ?" ಎಂದರು. ಬೆಕ್ಕು ಮಾತ್ರ ತಟ್ಟೆ ಬಿಟ್ಟು ಕದಲಲಿಲ್ಲ.

ನಾಳೆ ಸಂಜೆ ನನ್ನ ಮಗಳು ಬತೂಲಳನ್ನು ಕೇಳಲು ಗಂಡಿನ ತಾಯಿ ತಾಮೂ ಬರುತ್ತಾರೆ. ಫಕ್ಕಾಸನ್ನು ಮುರಿದು ಮೂಸಿಯೇ ಮನೆತನ ಅಳೆಯುವ ಹೆಂಗಸು. ಹುಡುಗನನ್ನು ಬತೂಲ್ ತಾನೇ ಮೆಚ್ಚಿದವಳು.

ಒಲೆಯಲ್ಲಿ ನಮ್ಮ ತಟ್ಟೆಯ ಪಕ್ಕ ಬೆಂದ ಮೀನು ಯಾರದೆಂದು ನಿಮ್ಮ ಮಗಳನ್ನು ಕೇಳಿದೆ. "ತಾಮೂ ಚಿಕ್ಕಮ್ಮಂದು. ಮೀನೆಲ್ಲ ಸೋಂಪು ನಾತ ಹೊಡೀತಿದೆ, ಯಾವ ಗಲೀಜು ಮನೆಯವರ ತಟ್ಟೆ ಪಕ್ಕ ಇಟ್ಟಿದ್ರಿ ಅಂತ ಬೈದು ಹೋದ್ರು" ಎಂದಳು.

ಹೊಸ ಹಿಟ್ಟು ಕಲಸಿದ್ದೇನೆ. ಇಂದು ಮಧ್ಯಾಹ್ನ ಉರುಳೆಗಳನ್ನೂ ನಾಳೆ ಬೆಳಿಗ್ಗೆ ಬಿಲ್ಲೆಗಳನ್ನೂ ಕಳಿಸುತ್ತೇನೆ. ಎರಡು ಸಲವೂ ಒಲೆಯಲ್ಲಿ ಮೀನು ಇರದಂತೆ ನೋಡಿಕೊಳ್ಳಿ. ಆ ಗಲೀಜು ಮನೆ ಯಾವುದೆಂದು ತಾಮೂ ಮತ್ತೆ ಕೇಳಿದರೆ, ದಯವಿಟ್ಟು ನೆನಪಿಲ್ಲ ಎಂದುಬಿಡಿ.

ಇಂತಿ,
ನಿಮ್ಮ ಎದುರು ಓಣಿಯ
ರುಕಿಯಾ