ಅವಳ ಫೋನಿಗೆ ಹಾಕಿದ ಬೀಟಾ

ಜೂನ್ 12, ಗುರುವಾರ

ಪ್ರೆಸ್‌ನಲ್ಲಿ ಬೆಳಿಗ್ಗೆಯೆಲ್ಲ ಕಟಿಂಗ್ ಮೆಷಿನ್ ಬ್ಲೇಡಿನ ರಗಳೆ. ಊಟಕ್ಕೆ ಕೂತರೆ 'ಬುಲೆಟಿನ್' ತನ್ನ ಪುರಾಣ ಶುರು ಮಾಡಿದ. ಡಿಸೈನ್ ಮಾಡುವವನು, ಲೋಕದ ಸುದ್ದಿಯೆಲ್ಲ ಮೊದಲು ಅವನಿಗೇ ಗೊತ್ತಾಗಬೇಕು, ಅದಕ್ಕೇ ಆ ಹೆಸರು. ಫೋನಿನ ಹೊಸ ಸಾಫ್ಟ್‌ವೇರ್ ಜನರಿಗೆ ಸಿಗುವುದು ಇನ್ನೂ ಮೂರು ತಿಂಗಳ ಮೇಲಂತೆ. ಇವನು ಈಗಲೇ ಅದರ ಬೀಟಾ, ಅಂದರೆ ಇನ್ನೂ ಪರೀಕ್ಷೆಯಲ್ಲಿರುವ ಕಚ್ಚಾ ರೂಪ, ಹಾಕಿಕೊಂಡು ಎಲ್ಲರ ಮೂಗಿಗೆ ಹಿಡಿಯುತ್ತಿದ್ದಾನೆ. ನನ್ನ ಫೋನ್ ನೋಡಿ, "ಇದಕ್ಕೆ ಬರಲ್ಲ ಬಿಡಿ ಸಾರ್, ಇದು ಫೋನುಗಳಲ್ಲಿ ಮುತ್ತಾತ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಉರಿಯಿತು, ಸುಳ್ಳೇಕೆ ಹೇಳಲಿ.

ಹೆಂಡತಿಯ ಫೋನ್ ಹೊಸದು. ಅದಕ್ಕೆ ಬರುತ್ತೆ.

ಜೂನ್ 15, ಭಾನುವಾರ

ಹಾಕಿಬಿಟ್ಟೆ. ಅವಳು ಟೆರೇಸ್ ಮೇಲೆ ಮಗಳ ಜೊತೆ ಕೂತು ತಲೆ ಒಣಗಿಸುತ್ತಿದ್ದಳು. ಪಾಸ್‌ವರ್ಡ್ ನನಗೆ ಗೊತ್ತು. ಬ್ಯಾಕಪ್ ತಗೋ ಅಂದಿತು — ಕಂಪ್ಯೂಟರಿನಲ್ಲಿ ಜಾಗವಿಲ್ಲ, "ಆಮೇಲೆ" ಒತ್ತಿದೆ. ಮಾರುದ್ದ ಎಚ್ಚರಿಕೆ ಬಂತು. ಓದಲಿಲ್ಲ. "ಒಪ್ಪಿದೆ" ಒತ್ತಿದೆ.

ಇಳಿದು ಬಂದವಳು ನೋಡಿ, "ಇದೇನ್ರೀ, ಐಕಾನೆಲ್ಲ ದುಂಡಗಾಗಿದೆ?"

"ಅಪ್‌ಡೇಟ್ ಬಂದಿತ್ತು, ಹಾಕಿದೆ."

"ಚೆನ್ನಾಗಿದೆ."

ಬೀಟಾ ಅನ್ನಲಿಲ್ಲ. ಸ್ಕ್ರೀನಿನ ಫೋಟೋ ಬುಲೆಟಿನ್‌ಗೆ ಕಳಿಸಿದೆ. ಉತ್ತರಕ್ಕೆ ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಬಂತು. ಸಂಜೆವರೆಗೂ ಅದನ್ನೇ ತೆಗೆದು ತೆಗೆದು ನೋಡಿದೆ. ನಲವತ್ತಾರು ವಯಸ್ಸು ನನಗೆ.

ಜೂನ್ 19, ಗುರುವಾರ

ಅವಳು ಸಪ್ಪಗೆ ಬಂದಳು. ಹಲ್ಲಿನ ಡಾಕ್ಟರ ಕ್ಲಿನಿಕ್‌ನಲ್ಲಿ ರಿಸೆಪ್ಷನ್ ಅವಳದು. ಕಿವಿ ಮಂದ, ಎರಡೂ ಕಿವಿಗೆ ಮೆಷಿನ್. ಲ್ಯಾಂಡ್‌ಲೈನ್ ಅವಳಿಗಾಗದು ಅಂತ ಡಾಕ್ಟರ್ ಕ್ಲಿನಿಕ್ ನಂಬರನ್ನೇ ಅವಳ ಮೊಬೈಲಿಗೆ ಹಾಕಿಸಿದ್ದಾರೆ. ಕಾಲ್ ನೇರ ಕಿವಿ ಮೆಷಿನ್‌ಗೆ ಬರುತ್ತೆ. ಆ ಕುರ್ಚಿ ಅವಳಿಗೆ ಸಿಕ್ಕಿದ್ದೇ ಅದರಿಂದ. ಅದರಲ್ಲಿ ರಾಣಿ ಹಾಗೆ ಕೂರುತ್ತಾಳೆ, ನಾನೇ ನೋಡಿದ್ದೇನೆ.

"ಕಾಲ್‌ನಲ್ಲಿ ಮಾತು ತುಂಡು ತುಂಡಾಗಿ ಬರ್ತಿದೆ. ಒಬ್ಬರನ್ನ ಮೂರು ಸಲ ಕೇಳ್ದೆ. ಬೈದು ಇಟ್ಟುಬಿಟ್ರು."

ಓದದೆ ಒಪ್ಪಿದ ಆ ಎಚ್ಚರಿಕೆ ನೆನಪಾಯಿತು. ಮಗಳು ಫೋನ್ ಕಿತ್ತುಕೊಂಡು, ತನ್ನ ಕಿವಿಗೆ ಒತ್ತಿಕೊಂಡು ಗೆಳತಿಯ ಜೊತೆ ಮಾತಾಡಿದಳು. "ನೀಟಾಗಿ ಕೇಳಿಸ್ತಿದೆಯಲ್ಲಮ್ಮ."

ಅವಳು ಮೆಷಿನ್ ಬಿಚ್ಚಿ ಒರೆಸಿ ಮತ್ತೆ ಹಾಕಿಕೊಂಡಳು. "ಹಾಗಾದ್ರೆ ನನ್ನ ಕಿವೀದೇ." ಅವಳ ಅಮ್ಮನಿಗೂ ಹೀಗೇ ಶುರುವಾಗಿ ಕೊನೆಗೆ ಪೂರ್ತಿ ಹೋಗಿತ್ತು.

ಅದೇ ದಿನ, ರಾತ್ರಿ

ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಆ ಎಚ್ಚರಿಕೆ ಹುಡುಕಿ ಓದಿದೆ. ಇದೆ. ಕಿವಿ ಮೆಷಿನ್‌ಗೆ ಹೋಗುವ ಕಾಲ್‌ಗಳಲ್ಲಿ ಧ್ವನಿ ಕಡಿದು ಬರಬಹುದು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಹಳೆಯದಕ್ಕೆ ಹೋಗಬೇಕಾದರೆ ಫೋನ್ ಪೂರ್ತಿ ಅಳಿಸಬೇಕು. ನಂಬರುಗಳನ್ನೇನೋ ಬೇರೆಡೆ ಇಳಿಸಿಕೊಳ್ಳಬಹುದು. ಆದರೆ ಎಲ್ಲ ಮೊದಲಿಂದ ಜೋಡಿಸಬೇಕು, ಮೆಷಿನ್ ಸಹಿತ. ಕದ್ದು ಮಾಡುವ ಕೆಲಸವಲ್ಲ. ಹೇಳಬೇಕು.

ಮುಂದಿನ ಬೀಟಾದಲ್ಲಿ ಸರಿಹೋಗುತ್ತೆ. ಎರಡು ವಾರ ತಾನೆ.

ಜೂನ್ 28, ಶನಿವಾರ

ಕಿವಿ ಪರೀಕ್ಷೆಗೆ ಹೋಗಿದ್ದೆವು. ಗಾಜಿನ ಕೋಣೆಯೊಳಗೆ ಅವಳು, ಹೊರಗೆ ನಾನು. ಶಬ್ದ ಕೇಳಿದಾಗೆಲ್ಲ ಬಟನ್ ಒತ್ತಬೇಕು. ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಮೈಯೆಲ್ಲ ಬಿಗಿ ಹಿಡಿದು ಕೂತಿದ್ದಳು.

ಪರೀಕ್ಷೆ ಮಾಡಿದಾಕೆ ಒಳ್ಳೆಯವಳು. "ಕಿವಿ ಹೋದ ವರ್ಷ ಹೇಗಿತ್ತೋ ಹಾಗೇ ಇದೆ. ಮೆಷಿನ್ನೂ ಸರಿಯಾಗಿದೆ." ಆಮೇಲೆ ನನ್ನ ಕಡೆ ತಿರುಗಿ, "ಫೋನಿಗೆ ಹೊಸ ಸಾಫ್ಟ್‌ವೇರ್ ಏನಾದ್ರೂ ಹಾಕಿದೀರಾ ಸಾರ್?"

ಅವಳೂ ನನ್ನನ್ನೇ ನೋಡಿದಳು. ಫೋನಿನ ವಿಷಯಕ್ಕೆಲ್ಲ ನಾನೇ ಅಲ್ಲವೇ.

"ಮಾಮೂಲಿ ಅಪ್‌ಡೇಟ್ ಅಷ್ಟೇ. ಎಲ್ಲರಿಗೂ ಬಂದಿದ್ದು" ಅಂದೆ. ನಾಲಿಗೆ ತಡವರಿಸಲೂ ಇಲ್ಲ.

"ಹಾಗಾದ್ರೆ ಗಮನ ಹೋಗ್ತಿಲ್ಲವೇನೋ. ಟೆನ್ಷನ್ ಏನಾದ್ರೂ ಇದೆಯಾ?"

"ಹೌದು, ಇವಳು ಸಣ್ಣದನ್ನೂ ತಲೆಗೆ ಹಚ್ಚಿಕೊಳ್ತಾಳೆ" — ಇದೂ ನಾನೇ. ಆಕೆ ಕೇಳಿದ್ದು ಅವಳನ್ನು, ನನ್ನನ್ನಲ್ಲ.

ಆಟೋದಲ್ಲಿ ವಾಪಸ್ಸು ಬಂದೆವು. ಮನೆ ಹತ್ತಿರ ಬಂದಾಗ ಮೆಲ್ಲಗೆ, "ಕಿವಿ ಹೋಗಿದ್ರೇ ವಾಸಿಯಿತ್ತು ರೀ. ಈಗ ತಲೇನೇ ಕೆಟ್ಟಿದೆ ಅಂತಾಯ್ತಲ್ಲ."

ಜೂನ್ 29, ಭಾನುವಾರ

ನಾಚಿಕೆ. ಬರೆಯಲು ಬೇರೇನೂ ಇಲ್ಲ.

ಜುಲೈ 3, ಗುರುವಾರ

ಎರಡನೇ ಬೀಟಾ ಬಂತು. ಅವಳು ಅಡುಗೆಮನೆಯಲ್ಲಿದ್ದಾಗ ಹಾಕಿದೆ. ಪಕ್ಕದ ಕೋಣೆಗೆ ಹೋಗಿ ಕಾಲ್ ಮಾಡಿದೆ. "ಹಲೋ... ಏನಂದ್ರಿ? ಮತ್ತೆ ಹೇಳಿ." ಏನೂ ಸರಿಹೋಗಿಲ್ಲ. ಎಚ್ಚರಿಕೆಯ ಪಟ್ಟಿಯಲ್ಲಿ ಕಿವಿ ಮೆಷಿನ್ನಿನ ಆ ಸಾಲು ಹಾಗೇ ಇದೆ.

ಆದರೆ ಅವಳಿಗೆ ಒಂದು ಉಪಾಯ ಹೊಳೆಯಿತು. "ದಿನಾ ಹೀಗೇ ಕಾಲ್ ಮಾಡ್ತೀರಾ? ಸುಮ್ನೆ ಹೆಸರು, ಟೈಮು ಏನಾದ್ರೂ ಹೇಳಿ. ನಾನು ತಿರುಗಿ ಹೇಳ್ತೀನಿ. ಗಮನ ಇಟ್ಟು ಅಭ್ಯಾಸ ಆಗಲಿ."

ಬೇಡ ಅನ್ನಲು ಕಾರಣ ಬೇಕಲ್ಲ. ಆಗಲಿ ಅಂದೆ.

ಜುಲೈ 8, ಮಂಗಳವಾರ

ದಿನಾ ಅಭ್ಯಾಸ. ನಾನು ಮಲಗುವ ಕೋಣೆಯಲ್ಲಿ, ಅವಳು ಊಟದ ಮೇಜಿನ ಹತ್ತಿರ, ನಡುವೆ ಬಾಗಿಲು ಹಾಕಿಕೊಂಡು. ಕಣ್ಣು ಮುಚ್ಚಿಕೊಂಡು ಕೇಳುತ್ತಾಳಂತೆ, ಮಗಳು ಹೇಳಿದಳು. ಅರ್ಧ ತಪ್ಪು. ಸರಿಯಾಗಿದ್ದೂ ಊಹೆಯೇ. ನಾನು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತೇನೆ. ಹೇಗೆ ಹೇಳಿದರೂ ಕಡಿಯುವುದು ಕಡಿಯುತ್ತೆ.

ಇವತ್ತು ಮುಗಿದ ಮೇಲೆ ಟೀ ತಂದುಕೊಟ್ಟಳು. "ನಿಮ್ಮಷ್ಟು ತಾಳ್ಮೆ ಯಾರಿಗಿರುತ್ತೆ."

ಟೀ ಚೆಲ್ಲಿಬಿಡೋಣ ಅನ್ನಿಸಿತು. ಚೆಲ್ಲಿದರೆ ಗೊತ್ತಾಗುತ್ತೆ ಅಂತ ಕುಡಿದೆ.

ಜುಲೈ 11, ಶುಕ್ರವಾರ

ಅವಳೇ ಡಾಕ್ಟರ ಹತ್ತಿರ ಕೇಳಿಕೊಂಡಿದ್ದಾಳೆ. ಸೋಮವಾರದಿಂದ ಒಳಗಡೆ, ಉಪಕರಣ ತೊಳೆಯುವ ಕೋಣೆಗೆ. ಅಲ್ಲಿ ಫೋನ್ ಇಲ್ಲ, ಯಾರೂ ಮಾತಾಡಿಸುವುದಿಲ್ಲ. ಅವಳ ಕುರ್ಚಿಗೆ ಹೊಸ ಹುಡುಗಿ ಬಂದಿದ್ದಾಳೆ. ಇವಳೇ ಎರಡು ದಿನ ಕೂತು ಕೆಲಸ ಕಲಿಸಿದಳು — ಯಾವ ಪೇಷೆಂಟ್ ಹೆದರುಪುಕ್ಕಲು, ಯಾರು ಹೇಳಿದ ಟೈಮಿಗೆ ಬರಲ್ಲ, ಎಲ್ಲ.

"ಚುರುಕಾಗಿದಾಳೆ ಹುಡುಗಿ. ಒಂದೇ ಸಲಕ್ಕೆ ಎಲ್ಲ ಕೇಳಿಸಿಕೊಳ್ತಾಳೆ" ಅಂದಳು. ನಗುತ್ತಲೇ ಅಂದಳು. ಆಮೇಲೆ ಬಟ್ಟೆ ಮಡಚಲು ಹೋದವಳು ತುಂಬ ಹೊತ್ತು ಬರಲಿಲ್ಲ.

ನನಗೆ ಬಾಯಿದೆ. ಅದು ಯಾತಕ್ಕಿದೆಯೋ.

ಜುಲೈ 13, ಭಾನುವಾರ

ನಾಳೆ ಸೋಮವಾರ. ಇವತ್ತು ಹೇಳದಿದ್ದರೆ ಕುರ್ಚಿ ಹೋಯಿತು. ಬೆಳಿಗ್ಗೆ ತಿಂಡಿಗೆ ಕೂತಾಗ ಬಾಯಿ ತೆರೆದೆ, ಮಗಳಿದ್ದಳು. ಮಧ್ಯಾಹ್ನ ಮಗಳಿರಲಿಲ್ಲ. ಆಗಲೂ ಹೇಳಲಿಲ್ಲ. ಸಂಜೆ ಅವಳೇ ಕರೆದಳು. "ಒಳಗೆ ಹೋದ್ರೂ ಅಭ್ಯಾಸ ಬಿಡಬಾರ್ದು. ಮಾಡಿ ಕಾಲ್."

ಬಾಗಿಲು ಹಾಕಿಕೊಂಡೆ. ಮುಖ ನೋಡದೆ ಹೇಳಿಬಿಡುವುದು ಸುಲಭ ಅನ್ನಿಸಿತು. ಹೌದು, ಹೇಡಿತನವೇ. ಕಾಲ್ ಹೋಯಿತು. ಹೇಳಿದೆ. ಎಲ್ಲ ಹೇಳಿದೆ. ನಿನ್ನ ಕಿವಿಗೂ ತಲೆಗೂ ಏನೂ ಆಗಿಲ್ಲ, ನಿನ್ನ ಫೋನಿಗೆ ಅರ್ಧಂಬರ್ಧ ಸಾಫ್ಟ್‌ವೇರ್ ಹಾಕಿದೆ, ಬುಲೆಟಿನ್ ಮುಂದೆ ಜಂಬಕ್ಕೆ. ಕಿವಿ ಪರೀಕ್ಷೆಯಲ್ಲೂ ಸುಳ್ಳು ಹೇಳಿದೆ. ತಪ್ಪಾಯಿತು ಅಂದೆ.

ಅವಳು ಎಂದಿನಂತೆ, ಕೇಳಿಸಿದ್ದನ್ನು ತಿರುಗಿ ಹೇಳಿದಳು.

"'ನಿನ್ನ'... ಆಮೇಲೆ 'ಪರೀಕ್ಷೆ'... ಕೊನೆಗೆ 'ತಪ್ಪಾಯಿತು'. ಅಷ್ಟೇ ಸಿಕ್ಕಿದ್ದು" ಅಂದಳು. "ಇವತ್ತು ಬಹಳ ಉದ್ದ ಹೇಳಿದ್ರಿ, ಅದಕ್ಕೇ ತಪ್ಪಾಯ್ತು. ಬೇಜಾರು ಮಾಡ್ಕೋಬೇಡಿ. ಇನ್ನೊಂದ್ಸಲ ಹೇಳಿ, ನಿಧಾನವಾಗಿ. ಈ ಸಲ ಸರಿಯಾಗಿ ಕೇಳಿಸ್ಕೋತೀನಿ."

ಒಂದು ನಿಮಿಷ ಅಂದೆ. ಫೋನ್ ಮೇಜಿನ ಮೇಲಿದೆ. ಲೈನ್ ಕಟ್ ಮಾಡಿಲ್ಲ. ಅವಳು ಕಾಯುತ್ತಿದ್ದಾಳೆ, ಕಣ್ಣು ಮುಚ್ಚಿಕೊಂಡು. ನಾನು ಇಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಪೆನ್ನು ಕೆಳಗಿಟ್ಟು ಎದ್ದು ಆ ಬಾಗಿಲು ತೆಗೆದು ಅವಳ ಎದುರು ಕೂತು, ಮುಖ ನೋಡಿಕೊಂಡು —

ಮತ್ತೆ ಕರೆದಳು. ಪೆನ್ನು ಇಟ್ಟು ಬಾಗಿಲು ತೆಗೆಯಲು ಹೋಗುತ್ತಿದ್ದೇ—