ಜಾಹೀರಾತು ಬರುವ ತನಕ

ಇವಳೇ,

ನೀನು ತೀರಿಕೊಂಡು ಏಳು ತಿಂಗಳಾಯಿತು, ಈ ಕಾಗದವನ್ನು ಎಲ್ಲಿಗೂ ಕಳಿಸುವಂತಿಲ್ಲ. ಆದರೂ ಹೇಳಿಕೊಳ್ಳದಿದ್ದರೆ ಎದೆ ಒಡೆದೇ ಹೋದೀತು ಎನಿಸುತ್ತಿದೆ.

ಇವತ್ತು ಬೆಳಿಗ್ಗೆ ಟಿವಿಯಲ್ಲಿ ಚರ್ಚೆ ನಡೆದಿತ್ತು. ಸರ್ಕಾರ ಬೀಳುತ್ತದಂತೆ. ನಾನೇ ಹೆಗಲು ಕೊಟ್ಟು ನಿಲ್ಲಿಸಬೇಕೇನೋ ಎಂಬಂತೆ ಸೋಫಾದ ತುದಿಯಲ್ಲಿ ಕೂತು ಪರದೆಯ ಮೇಲಿದ್ದವರಿಗೆಲ್ಲ ಬೈಯುತ್ತಿದ್ದೆ. ಜಾಹೀರಾತು ಬಂತು. ಬೆನ್ನ ಹಿಂದಿನಿಂದ ಮಗಳು ಮೆಲ್ಲಗೆ, "ಅಪ್ಪಾ, ಈಗ ಹೇಳ್ಲಾ?" ಎಂದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸೇಬು ಹೆಚ್ಚಲು ಹೋಗಿ ಅಂಗೈ ಕುಯ್ದುಕೊಂಡಿದ್ದಳು. ಸುತ್ತಿಕೊಂಡಿದ್ದ ಟವೆಲಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಕೂಗ್ಬಾರ್ದೇನೇ?"

"ನೀನು ಚರ್ಚೆ ನೋಡ್ತಿದ್ಯಲ್ಲ. ಬ್ರೇಕ್ ಬಂದ್ಮೇಲೆ ಹೇಳ್ಬೇಕು ಅಂತ ಅಮ್ಮನೇ ಕಲ್ಸಿದ್ದು."

ಐದು ಹೊಲಿಗೆ ಬಿದ್ದವು. ಈಗ ಔಷಧಿಯ ಮಂಪರಿನಲ್ಲಿ ಮಲಗಿದ್ದಾಳೆ. ಟಿವಿಯ ವೈರು ಕಿತ್ತು ಅಟ್ಟಕ್ಕೆ ಎಸೆದಿದ್ದೇನೆ. ಮನೆ ಎಷ್ಟು ನಿಶ್ಶಬ್ದವಾಗಿದೆ ಎಂದರೆ ಪಕ್ಕದ ಕೋಣೆಯಿಂದ ಅವಳ ಉಸಿರು ಕೇಳುತ್ತದೆ. ಕೇಳದಾದಾಗಲೆಲ್ಲ ಎದ್ದು ಓಡುತ್ತೇನೆ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಆರು ಸಲ ಹೋಗಿ ಬಂದೆ.

ಹೊಲಿಗೆ ಹಾಕುವಾಗ ಡಾಕ್ಟರು, "ಕುಯ್ದು ಎಷ್ಟು ಹೊತ್ತಾಯ್ತು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಚುನಾವಣೆಯ ಫಲಿತಾಂಶದ ದಿನ ನಿನ್ನನ್ನು ಕರೆದೊಯ್ದಾಗಲೂ ಹೀಗೇ ಕೇಳಿದ್ದರು, "ಎದೆನೋವು ಶುರುವಾಗಿ ಎಷ್ಟು ಹೊತ್ತಾಯ್ತು?"

ಅವತ್ತು ನೀನೂ ಅದೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಕರೆದಿದ್ದೆ. ನಾನು ತಿರುಗಿಯೂ ನೋಡದೆ, ತಾಳು ಎಂದು ಅಂಗೈ ಎತ್ತಿದ್ದೆ.

ಡಾಕ್ಟರಿಗೆ "ಈಗ ತಾನೇ" ಎಂದಿದ್ದೆ.